ಮಗುವಿಗೆ ಮುನ್ನ ಮೂರು ತಿಂಗಳು: ದಂಪತಿಗಳ ಆರೋಗ್ಯಸಿದ್ಧತೆ



ಮದುವೆಯಾಗಿ ಮೂರು ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಮನೆಗಳ ಸೊಸೆಯಂದಿರಿಗೆ ಎದುರಾಗುವ ಪ್ರಶ್ನೆ ಒಂದೇ: "ಏನಮ್ಮಾ, ವಿಶೇಷ ಏನಾದರೂ ಇದೆಯಾ?" ಜಾತ್ರೆಯಲ್ಲಿ, ಗೃಹಪ್ರವೇಶದಲ್ಲಿ, ಮಠದಲ್ಲಿ ಪ್ರಸಾದಕ್ಕೆ ಕುಳಿತಾಗಲೂ ಈ ಪ್ರಶ್ನೆ ತಪ್ಪುವುದಿಲ್ಲ. ಕೇಳುವ ಹಿರಿಯರ ಮನಸ್ಸಿನಲ್ಲಿ ಕೆಡುಕಿರುವುದಿಲ್ಲ, ಮೊಮ್ಮಗುವನ್ನು ಎತ್ತಿಕೊಳ್ಳುವ ಆಸೆಯಿರುತ್ತದೆ. ಆದರೆ ಆಕೆಯ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ, ಆತ ದಿನಕ್ಕೆ ಎಷ್ಟು ಬೀಡಿ ಸೇದುತ್ತಾನೆ, ಇಬ್ಬರೂ ರಾತ್ರಿ ಎಷ್ಟು ಗಂಟೆ ನಿದ್ರಿಸುತ್ತಾರೆ ಎಂದು ಕೇಳಿದವರನ್ನು ನಾವು ಇಷ್ಟು ವರ್ಷಗಳ ವೈದ್ಯವೃತ್ತಿಯಲ್ಲಿ ಕಂಡದ್ದು ಬಹಳ ಕಡಿಮೆ. ಈ ತಿಂಗಳ ಲೇಖನದಲ್ಲಿ ಆ ಕೇಳದ ಪ್ರಶ್ನೆಗಳ ಕುರಿತು ಬರೆಯಬೇಕೆಂದಿದ್ದೇವೆ.

ರಾಜಗೋಪಾಲನಗರದ ನಮ್ಮ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಬಹುಪಾಲು ಜನ ಪೀಣ್ಯದ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರು. ಕೆಲವು ವರ್ಷಗಳ ಹಿಂದೆ ಅಂಥ ಒಂದು ದಂಪತಿ ಸಿಹಿಯ ಪೊಟ್ಟಣದೊಡನೆ ಬಂದರು. ಆಕೆ ಗಾರ್ಮೆಂಟ್ಸ್‌ನಲ್ಲಿ ಟೈಲರ್, ಆತ ಲೇತ್ ಆಪರೇಟರ್. ಆಕೆಗೆ ಎರಡು ತಿಂಗಳಾಗಿತ್ತು. ನಾವು ಆಹಾರ, ವಿಶ್ರಾಂತಿಯ ವಿಷಯ ಹೇಳಿ, ಸ್ತ್ರೀರೋಗತಜ್ಞರಲ್ಲಿಗೆ ಕಳುಹಿಸಿದೆವು. ನಾಲ್ಕನೆಯ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಗುವಿನ ತಲೆಬುರುಡೆ ರೂಪುಗೊಂಡಿಲ್ಲವೆಂದು ತಿಳಿಯಿತು. ಅಂಥ ಮಗು ಬದುಕುವುದಿಲ್ಲ. ಎಲ್ಲ ಮುಗಿದ ಮೇಲೆ ಆತ ಒಬ್ಬನೇ ಬಂದು ಕೇಳಿದ: "ಮುಂಚೇನೇ ಏನಾದ್ರೂ ಮಾಡಬಹುದಿತ್ತಾ ಡಾಕ್ಟ್ರೇ? ಹಂಗಿದ್ರೆ ಯಾರೂ ಯಾಕೆ ಹೇಳಲಿಲ್ಲ?"

ಹೇಳಬೇಕಾಗಿದ್ದವರು ನಾವೇ. ಮದುವೆಯಾದ ಮೇಲೆ ಆ ಹೆಣ್ಣುಮಗಳು ಎದೆಯುರಿ, ತಲೆನೋವು ಎಂದು ಮೂರು ಬಾರಿ ನಮ್ಮಲ್ಲಿಗೆ ಬಂದಿದ್ದಳು. ಚೂರ್ಣ ಕೊಟ್ಟು ಕಳುಹಿಸಿದ್ದೆವೇ ಹೊರತು, "ಮಗು ಬೇಕೆಂದು ಯೋಚಿಸಿದ್ದೀರಾ?" ಎಂಬ ಒಂದು ಮಾತನ್ನು ಕೇಳಿರಲಿಲ್ಲ. ಕೇಳಿದ್ದರೆ ಆ ತೊಂದರೆ ಖಂಡಿತ ತಪ್ಪುತ್ತಿತ್ತೆಂದು ಹೇಳಲಾಗದು. ತಪ್ಪುವ ಸಾಧ್ಯತೆ ಮಾತ್ರ ಬಹಳವಾಗಿತ್ತು.

ಮೊದಲ 28 ದಿನಗಳು

ಮಗುವಿನ ಮಿದುಳು ಮತ್ತು ಬೆನ್ನುಹುರಿ ಒಂದು ಸಣ್ಣ ನಾಳದಿಂದ ರೂಪುಗೊಳ್ಳುತ್ತವೆ. ಇದಕ್ಕೆ ನರನಾಳವೆಂದು ಹೆಸರು. ಗರ್ಭ ನಿಂತ ಸುಮಾರು 28 ದಿನಗಳೊಳಗೆ ಈ ನಾಳವು ಮುಚ್ಚಿಕೊಳ್ಳಬೇಕು. ಮೇಲ್ಭಾಗ ಮುಚ್ಚದಿದ್ದರೆ ತಲೆಬುರುಡೆ ಆಗುವುದಿಲ್ಲ. ಕೆಳಭಾಗ ಮುಚ್ಚದಿದ್ದರೆ ಬೆನ್ನುಹುರಿ ತೆರೆದುಕೊಂಡು ಮಗುವಿನ ಕಾಲುಗಳ ಬಲ, ಮಲಮೂತ್ರಗಳ ಹಿಡಿತ ಕುಂದಬಹುದು. ಈಗ ಲೆಕ್ಕ ಹಾಕಿ ನೋಡಿ. ಮುಟ್ಟು ತಪ್ಪಿ, ಒಂದೆರಡು ವಾರ ಕಾದು, ಪರೀಕ್ಷೆ ಮಾಡಿಸಿ, ಮನೆಯವರಿಗೆ ಹೇಳಿ, ವೈದ್ಯರ ಬಳಿಗೆ ಬರುವಷ್ಟರಲ್ಲಿ ಆ 28 ದಿನಗಳು ಕಳೆದೇಹೋಗಿರುತ್ತವೆ. ತಾಯಿಯಾಗಲಿರುವುದು ತಿಳಿಯುವ ವೇಳೆಗೆ ಮಗುವಿನ ಬೆನ್ನುಹುರಿಯ ಕೆಲಸ ಮುಗಿದಿರುತ್ತದೆ.

ಈ ನಾಳ ಸರಿಯಾಗಿ ಮುಚ್ಚಿಕೊಳ್ಳಲು ಫೋಲಿಕ್ ಆಮ್ಲವೆಂಬ ಜೀವಸತ್ವ ಬೇಕು. ಒಮ್ಮೆ ಇಂಥ ಮಗು ಹುಟ್ಟಿದ್ದ ತಾಯಂದಿರಿಗೆ ಮುಂದಿನ ಗರ್ಭಕ್ಕೆ ಮುನ್ನವೇ ಫೋಲಿಕ್ ಆಮ್ಲ ಕೊಟ್ಟು, 7 ದೇಶಗಳ 33 ಕೇಂದ್ರಗಳಲ್ಲಿ ನಡೆಸಿದ ಅಧ್ಯಯನದ ಫಲಿತಾಂಶ 1991ರಲ್ಲಿ ಪ್ರಕಟವಾಯಿತು. ಈ ದೋಷವು ಮರುಕಳಿಸುವುದು ಸುಮಾರು ಮುಕ್ಕಾಲುಪಾಲು ತಗ್ಗಿತ್ತು. ಅಂದಿನಿಂದ ಈ ವಿಷಯದಲ್ಲಿ ಸಂಶಯ ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಸ್ಪಷ್ಟವಾಗಿದೆ: ಮಗು ಬೇಕೆಂದು ನಿಶ್ಚಯಿಸಿದಂದಿನಿಂದಲೇ ಆರಂಭಿಸಿ, ಗರ್ಭಕ್ಕೆ 12 ವಾರ ತುಂಬುವವರೆಗೆ ಪ್ರತಿದಿನ 400 ಮೈಕ್ರೋಗ್ರಾಂ. ಔಷಧದ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವುದು ಇದರ ಹತ್ತು ಪಟ್ಟಿಗೂ ಮೀರಿದ 5 ಮಿಲಿಗ್ರಾಂ ಮಾತ್ರೆ. ಮೊದಲ ಮಗುವಿಗೆ ಈ ತೊಂದರೆಯಾಗಿದ್ದವರು, ಸಕ್ಕರೆ ಕಾಯಿಲೆ ಅಥವಾ ಮೂರ್ಛೆರೋಗದ ಔಷಧ ಇರುವವರು ಮುಂತಾದವರಿಗೆ ವೈದ್ಯರು ಈ ಹೆಚ್ಚಿನ ಪ್ರಮಾಣವನ್ನು ಸೂಚಿಸುತ್ತಾರೆ. ಆದುದರಿಂದ ಅಂಗಡಿಯವರನ್ನು ಕೇಳಿ ಕೊಳ್ಳದೆ, ವೈದ್ಯರನ್ನು ಕೇಳಿ ಕೊಳ್ಳುವುದು ಸೂಕ್ತ.

ಶಾಸ್ತ್ರವು ಇಬ್ಬರನ್ನೂ ಕರೆಯುತ್ತದೆ

ಆಯುರ್ವೇದಕ್ಕೆ ಈ ಪೂರ್ವಸಿದ್ಧತೆಯ ವಿಚಾರ ಹೊಸದೇನಲ್ಲ. ಸುಶ್ರುತಸಂಹಿತೆಯು ಗರ್ಭವನ್ನು ಮೊಳಕೆಗೆ ಹೋಲಿಸಿ ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕು ಅಂಗಗಳನ್ನು ಹೇಳುತ್ತದೆ. ಋತುವೆಂದರೆ ತಕ್ಕ ಕಾಲ, ಕ್ಷೇತ್ರವೆಂದರೆ ಗರ್ಭಾಶಯ, ಅಂಬುವೆಂದರೆ ಪೋಷಿಸುವ ರಸ, ಬೀಜವೆಂದರೆ ಸ್ತ್ರೀಪುರುಷರಿಬ್ಬರ ಬೀಜ. ತುಮಕೂರು, ಹಾಸನ, ಮಂಡ್ಯದ ಕಡೆಯ ಹೊಲಗದ್ದೆ ಬಿಟ್ಟು ಇಲ್ಲಿ ನೆಲೆಸಿದ ನಮ್ಮ ಭಕ್ತರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಗಿ ಉಳುಮೆ ಮಾಡದೆ, ಗೊಬ್ಬರ ಹಾಕದೆ, ಮಳೆ ಬಂದ ದಿನವೇ ಸಿಕ್ಕಿದ ಬೀಜವನ್ನು ಚೆಲ್ಲುವ ರೈತನನ್ನು ಊರೇ ಆಡಿಕೊಳ್ಳುತ್ತದೆ. ಮಗುವಿನ ವಿಷಯದಲ್ಲಿ ಮಾತ್ರ ನಾವು ಅದನ್ನೇ ಮಾಡುತ್ತಿದ್ದೇವೆ.

ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವು ಒಳ್ಳೆಯ ಸಂತಾನ ಬಯಸುವ ಸ್ತ್ರೀ ಮತ್ತು ಪುರುಷ ಇಬ್ಬರಿಗೂ ಸ್ನೇಹನ, ಸ್ವೇದನ, ಶೋಧನಗಳನ್ನು ಹೇಳಿ, ಬಳಿಕ ಪುರುಷನಿಗೆ ಮಧುರ ಔಷಧಗಳಿಂದ ಸಿದ್ಧಗೊಳಿಸಿದ ಹಾಲು ತುಪ್ಪ, ಸ್ತ್ರೀಗೆ ಎಳ್ಳೆಣ್ಣೆ ಮತ್ತು ಉದ್ದು ಎಂದು ಆಹಾರವನ್ನೂ ವಿಂಗಡಿಸುತ್ತದೆ. ಗಮನಿಸಬೇಕಾದುದು 'ಇಬ್ಬರಿಗೂ' ಎಂಬ ಮಾತು. ನಮ್ಮಲ್ಲಿ ಮಗುವಾಗುವುದು ತಡವಾದರೆ ಹೆಂಡತಿಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುತ್ತಾರೆ, ಗಂಡನು ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತಾನೆ. ಆದರೆ ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆ, ಇಲ್ಲವೇ ಅದೊಂದೇ ಕಾರಣವಾಗಿರುತ್ತದೆ.

ಮೂರು ತಿಂಗಳು ಏಕೆಂದರೆ, ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನಗಳು ಬೇಕು. ಅದು ಪಕ್ವವಾಗಿ ಹೊರಬರಲು ಇನ್ನೆರಡು ವಾರ. ಇಂದು ಬೀಡಿ ಬಿಟ್ಟ ಗಂಡಸಿನ ಬೀಜದಲ್ಲಿ ಅದರ ಗುಣ ಕಾಣಲು ಮೂರು ತಿಂಗಳು ಕಾಯಬೇಕಾಗುತ್ತದೆ. ಹೆಣ್ಣುಮಕ್ಕಳಲ್ಲಿ ಕುಸಿದ ಕಬ್ಬಿಣಾಂಶದ ಸಂಗ್ರಹ ತುಂಬಿಕೊಳ್ಳಲೂ ಹೆಚ್ಚುಕಡಿಮೆ ಅಷ್ಟೇ ಸಮಯ ಹಿಡಿಯುತ್ತದೆ.

ಮೊದಲ ತಿಂಗಳು: ಪರೀಕ್ಷೆ

ಇಬ್ಬರೂ ಜೊತೆಯಾಗಿ ಹೋಗಿ ರಕ್ತದೊತ್ತಡ, ತೂಕ, ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಮೂತ್ರ, ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆಗಳನ್ನು ಮಾಡಿಸಿಕೊಳ್ಳಬೇಕು. ಹೆಣ್ಣುಮಕ್ಕಳಿಗೆ ಇವುಗಳೊಡನೆ ಥೈರಾಯ್ಡ್ ಪರೀಕ್ಷೆಯೂ ಬೇಕು. ಇಎಸ್‌ಐ ಸೌಲಭ್ಯವಿರುವ ಕಾರ್ಮಿಕರು ಇವನ್ನು ಇಎಸ್‌ಐ ಚಿಕಿತ್ಸಾಲಯದ ಮೂಲಕ ಮಾಡಿಸಿಕೊಳ್ಳಬಹುದು. ಉಳಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಿವೆ.

ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ಇದು ಇದೆ. ಗರ್ಭಿಣಿಯಾದ ಮೇಲೆ ಮಗುವಿಗೂ ರಕ್ತ ಒದಗಿಸಬೇಕಾದುದರಿಂದ, ಅಲ್ಲಿಂದ ಆರಂಭಿಸಿ ಕೊರತೆ ತುಂಬುವುದು ಕಷ್ಟ; ಮುಂಚೆಯೇ ತುಂಬುವುದು ಸುಲಭ.

ಸಕ್ಕರೆ ಕಾಯಿಲೆ ಈಗ ಇಪ್ಪತ್ತೈದು ಮೂವತ್ತರ ವಯಸ್ಸಿನವರಲ್ಲಿಯೂ ಕಾಣುತ್ತಿದೆ. ಅಂಥವರು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪ್ರಮಾಣವನ್ನು ಶೇಕಡಾ 6.5ಕ್ಕಿಂತ ಕೆಳಗೆ ತಂದುಕೊಂಡು ಗರ್ಭಕ್ಕೆ ಪ್ರಯತ್ನಿಸುವುದು ಕ್ಷೇಮ. ಸಕ್ಕರೆ ಏರಿದ್ದಾಗ ನಿಂತ ಗರ್ಭದಲ್ಲಿ ಮಗುವಿನ ಹೃದಯ ಮತ್ತು ನರನಾಳದ ದೋಷಗಳ ಸಾಧ್ಯತೆ ಹೆಚ್ಚುತ್ತದೆ.

ಲಸಿಕೆಯ ವಿಷಯವನ್ನು ಎಷ್ಟೋ ಜನ ಯೋಚಿಸುವುದೇ ಇಲ್ಲ. ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ತಗುಲಿದರೆ ಮಗುವಿನ ಕಣ್ಣು, ಕಿವಿ, ಹೃದಯಗಳಿಗೆ ಹಾನಿಯಾಗಬಹುದು. ಕರ್ನಾಟಕದಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನ ನಡೆದದ್ದು 2017ರ ಫೆಬ್ರವರಿಯಲ್ಲಿ, 15 ವರ್ಷದೊಳಗಿನ ಮಕ್ಕಳಿಗಾಗಿ. ಆಗಲೇ ಆ ವಯಸ್ಸು ದಾಟಿದ್ದ ಹೆಣ್ಣುಮಕ್ಕಳು ಇಂದು ತಾಯಂದಿರಾಗುವ ವಯಸ್ಸಿನಲ್ಲಿದ್ದಾರೆ. ಅವರಲ್ಲಿ ಹಲವರಿಗೆ ಈ ಲಸಿಕೆ ದೊರೆತಿಲ್ಲ. ಗರ್ಭಿಣಿಯಾದ ಮೇಲೆ ಇದನ್ನು ಕೊಡುವಂತಿಲ್ಲ. ಮೊದಲೇ ಹಾಕಿಸಿಕೊಂಡು, ಅನಂತರ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರು ನಮ್ಮಲ್ಲಿ ಅನೇಕರಿದ್ದಾರೆ. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದಲೇ ಗಂಭೀರ ದೋಷವಿರುತ್ತದೆ. ಅತ್ತೆ–ಮಾವನ ಮಕ್ಕಳು ದಂಪತಿಗಳಾದಾಗ ಇದು ಸುಮಾರು ಇಮ್ಮಡಿಯಾಗುತ್ತದೆ, ಸೋದರಮಾವನೊಡನೆಯಾದರೆ ಇನ್ನೂ ಹೆಚ್ಚು. ಹಾಗೆಂದು ಭಯಪಡಬೇಕಾಗಿಲ್ಲ, ಅಂಥ ದಂಪತಿಗಳಿಗೆ ಹುಟ್ಟುವ ಬಹುಪಾಲು ಮಕ್ಕಳು ಆರೋಗ್ಯವಂತರೇ. ಆದರೆ ಬಂಧುಗಳಲ್ಲಿ ಬುದ್ಧಿಮಾಂದ್ಯ, ಕಿವುಡುತನ, ಎಳೆಯ ಶಿಶುಗಳ ಮರಣ ಕಂಡಿದ್ದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಿ, ಅನುವಂಶೀಯ ಸಮಾಲೋಚನೆ ಪಡೆಯಬೇಕು.

ಆಹಾರ: ರಾಗಿ, ಸೊಪ್ಪು, ಹಾಲು

ಮುದ್ದೆ, ಸೊಪ್ಪಿನ ಸಾರು, ಹುರುಳಿ, ಹೆಸರುಕಾಳು, ಮಜ್ಜಿಗೆ. ನಮ್ಮ ಹಿರಿಯರ ಈ ಊಟಕ್ಕಿಂತ ಉತ್ತಮವಾದುದನ್ನು ನಾವು ಸೂಚಿಸಬೇಕಾಗಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದಂಶವಿದೆ. ನುಗ್ಗೆಸೊಪ್ಪು, ದಂಟು, ಕಾಳುಗಳಲ್ಲಿ ಕಬ್ಬಿಣಾಂಶವಿದೆ. ಅದು ಮೈಗೆ ಹತ್ತಬೇಕಾದರೆ ಜೊತೆಗೆ ನಿಂಬೆ, ನೆಲ್ಲಿ, ಸೀಬೆಯಂಥ ಹುಳಿ ಹಣ್ಣುಗಳಿರಬೇಕು. ಗಾರ್ಮೆಂಟ್ಸ್‌ನಲ್ಲಿ ಅರ್ಧ ಗಂಟೆಯಲ್ಲಿ ಊಟ ಮುಗಿಸಿ ಕೂಡಲೇ ಟೀ ಕುಡಿಯುವ ರೂಢಿಯಿದೆ. ಆ ಟೀ ಊಟದಲ್ಲಿದ್ದ ಕಬ್ಬಿಣಾಂಶವನ್ನು ದೇಹಕ್ಕೆ ಸೇರಗೊಡುವುದಿಲ್ಲ. ಊಟಕ್ಕೂ ಟೀಗೂ ಒಂದು ಗಂಟೆಯಾದರೂ ಅಂತರವಿರಲಿ.

ಶಾಕಾಹಾರಿಗಳಾದ ನಾವು ವಿಶೇಷವಾಗಿ ಗಮನಿಸಬೇಕಾದುದು ಜೀವಸತ್ವ ಬಿ12. ಇದು ಸೊಪ್ಪು ಕಾಳುಗಳಲ್ಲಿ ಇಲ್ಲ; ನಮ್ಮ ಆಹಾರದಲ್ಲಿ ಹಾಲು, ಮೊಸರು, ಮಜ್ಜಿಗೆಗಳೇ ಇದರ ಮೂಲ. ತಿಂಗಳ ಕೊನೆಯಲ್ಲಿ ಕೈ ಬಿಗಿಯಾದಾಗ ಮನೆಯಲ್ಲಿ ಮೊದಲು ಕಡಿತವಾಗುವುದು ಹಾಲು, ಅದರಲ್ಲಿಯೂ ಸೊಸೆಯ ಪಾಲಿನ ಹಾಲು. ಬಿ12 ಕೊರತೆಯಿದ್ದರೂ ನರನಾಳದ ದೋಷದ ಸಾಧ್ಯತೆ ಹೆಚ್ಚುತ್ತದೆ. ಅಲ್ಲದೆ ಬಿ12 ಕಡಿಮೆಯಿರುವವರು ಫೋಲಿಕ್ ಆಮ್ಲವನ್ನು ಮಾತ್ರ ಸೇವಿಸಿದರೆ ರಕ್ತದ ಪರೀಕ್ಷೆ ಸರಿಯಾಗಿ ಕಾಣಿಸಿ, ಒಳಗೆ ನರಗಳ ಹಾನಿ ಮುಂದುವರಿಯಬಹುದು. ಕೈಕಾಲು ಜೋಮು, ನಾಲಿಗೆ ಉರಿ, ವಿಪರೀತ ಆಯಾಸ ಇದ್ದವರು ಬಿ12 ಪರೀಕ್ಷೆ ಮಾಡಿಸಿ, ಅಗತ್ಯವಿದ್ದರೆ ಮಾತ್ರೆಯನ್ನೋ ಚುಚ್ಚುಮದ್ದನ್ನೋ ಪಡೆಯಲಿ.

ಫಲಘೃತದಂಥ ಯೋಗಗಳನ್ನು ನಾವೂ ಕೊಡುತ್ತೇವೆ. ಆದರೆ ತುಪ್ಪದ ಔಷಧ ಸೇವಿಸುತ್ತಿದ್ದೇವೆಂದು ಫೋಲಿಕ್ ಆಮ್ಲ, ಕಬ್ಬಿಣದ ಮಾತ್ರೆಗಳನ್ನು ಬಿಡುವಂತಿಲ್ಲ. ಒಂದರ ಕೆಲಸವನ್ನು ಮತ್ತೊಂದು ಮಾಡುವುದಿಲ್ಲ.

ಕಾಯಕದ ಸ್ಥಳ

ಪುರುಷರ ವೃಷಣಗಳು ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿದ್ದಾಗ ಮಾತ್ರ ಬೀಜೋತ್ಪತ್ತಿ ಚೆನ್ನಾಗಿ ನಡೆಯುತ್ತದೆ. ಫೌಂಡ್ರಿಯ ಕುಲುಮೆಯ ಮುಂದೆ ದಿನವಿಡೀ ನಿಲ್ಲುವುದು, ಬಿಗಿಯಾದ ಒಳಉಡುಪು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುವುದು ಇದಕ್ಕೆ ಅಡ್ಡಿ. ಬ್ಯಾಟರಿ, ಬೆಸುಗೆ ಕೆಲಸಗಳಲ್ಲಿನ ಸೀಸ, ಬಣ್ಣ ಸಿಂಪಡಿಸುವಲ್ಲಿ ಬಳಸುವ ಥಿನ್ನರ್ ಕೂಡ ಬೀಜಕ್ಕೆ ಹಾನಿಕರ. ಸೀಸದ ಧೂಳು ಬಟ್ಟೆಯೊಡನೆ ಮನೆಗೂ ಬರುತ್ತದೆ. ಮೂಳೆಯಲ್ಲಿ ಸೇರಿಕೊಂಡು, ತಾಯಿಯಿಂದ ಗರ್ಭಕ್ಕೂ ಸಾಗುತ್ತದೆ. ಕಾಯಕವನ್ನು ಬಿಡಿ ಎಂದು ನಾವು ಹೇಳಲಾರೆವು. ಮುಖಗವಸು, ಕೈಗವಸುಗಳನ್ನು ತಪ್ಪದೆ ಧರಿಸಿ, ಕೆಲಸದ ಬಟ್ಟೆಯನ್ನು ಕಾರ್ಖಾನೆಯಲ್ಲಿಯೇ ಬದಲಿಸಿ, ಮನೆಗೆ ಬಂದೊಡನೆ ಸ್ನಾನ ಮಾಡುವುದು ಎಲ್ಲರಿಗೂ ಸಾಧ್ಯ. ಕೆಲವು ತಿಂಗಳ ಮಟ್ಟಿಗೆ ಬೇರೆ ವಿಭಾಗಕ್ಕೆ ಹಾಕಿಕೊಡುವಂತೆ ಸೂಪರ್‌ವೈಸರರನ್ನು ಕೇಳುವುದರಲ್ಲಿಯೂ ಸಂಕೋಚ ಬೇಡ.

ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು ಶೌಚಾಲಯಕ್ಕೆ ಹೋಗುವುದನ್ನು ತಪ್ಪಿಸಲು ನೀರನ್ನೇ ಕುಡಿಯದೆ, ಮೂತ್ರದ ಸೋಂಕಿನಿಂದ ನರಳುತ್ತ ನಮ್ಮಲ್ಲಿಗೆ ಬರುತ್ತಾರೆ. ಆಯುರ್ವೇದವು ವೇಗಧಾರಣ, ಅಂದರೆ ಮಲಮೂತ್ರಗಳನ್ನು ತಡೆಯುವುದು, ರೋಗಕ್ಕೆ ಕಾರಣವೆಂದು ಹೇಳಿದೆ. ಸೋಂಕನ್ನು ಗರ್ಭಕ್ಕೆ ಮೊದಲೇ ಗುಣಪಡಿಸಿಕೊಳ್ಳಬೇಕು.

ಪಾಳಿಯ ಕೆಲಸದ ಸಂಸಾರಗಳಲ್ಲಿ ಮತ್ತೊಂದು ತೊಡಕಿದೆ. ಆತ ರಾತ್ರಿಪಾಳಿ, ಆಕೆ ಹಗಲು. ಇಬ್ಬರೂ ಒಂದಾಗಿರುವುದು ಭಾನುವಾರ ಮಾತ್ರ. ಸ್ತ್ರೀಬೀಜವು ಹೊರಬಂದ ಮೇಲೆ ಒಂದು ದಿನ ಮಾತ್ರ ಬದುಕುತ್ತದೆ. ವೀರ್ಯಾಣು ಐದು ದಿನದವರೆಗೆ ಬದುಕಬಲ್ಲದು. ಹೀಗಾಗಿ ತಿಂಗಳಿಗೆ ಸುಮಾರು ಆರು ದಿನಗಳು ಮಾತ್ರ ಗರ್ಭಕ್ಕೆ ಅನುಕೂಲ.  28 ದಿನಗಳಿಗೊಮ್ಮೆ ಮುಟ್ಟಾಗುವವರಲ್ಲಿ ಇದು ಸುಮಾರು 9ನೆಯ ದಿನದಿಂದ 14ನೆಯ ದಿನದವರೆಗೆ ಬರುತ್ತದೆ. ಎಷ್ಟೋ ದಂಪತಿಗಳಿಗೆ ಬೇಕಾದದ್ದು ಔಷಧವಲ್ಲ, ಪಾಳಿಯ ಹೊಂದಾಣಿಕೆ.

ಬಿಡಬೇಕಾದವು

ಬೀಡಿ, ಸಿಗರೇಟು, ಗುಟ್ಕಾ, ಕಡ್ಡಿಪುಡಿ, ಮದ್ಯ ಇವನ್ನು ಇಬ್ಬರೂ ಪೂರ್ತಿಯಾಗಿ ಬಿಡಬೇಕು. ಮೈಕಟ್ಟಿಗಾಗಿ ಜಿಮ್‌ಗಳಲ್ಲಿ ಟೆಸ್ಟೊಸ್ಟೆರಾನ್ ಚುಚ್ಚಿಸಿಕೊಳ್ಳುವ ಯುವಕರಿದ್ದಾರೆ. ಅದು ಪುರುಷತ್ವವನ್ನು ಹೆಚ್ಚಿಸುತ್ತದೆಂಬ ಭ್ರಮೆ ಬೇಡ. ವೀರ್ಯಾಣುಗಳ ಉತ್ಪತ್ತಿಯನ್ನೇ ಅದು ನಿಲ್ಲಿಸಬಲ್ಲದು.

ಮೂರ್ಛೆರೋಗಕ್ಕೆ ಕೊಡುವ ವ್ಯಾಲ್ಪ್ರೊಯೇಟ್, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಕೆಲವು ರಕ್ತದೊತ್ತಡದ ಮಾತ್ರೆಗಳು ಗರ್ಭಕ್ಕೆ ಹಾನಿಕರ. ಹಾಗೆಂದು ತಾವಾಗಿಯೇ ನಿಲ್ಲಿಸುವುದು ಇನ್ನೂ ಅಪಾಯ. ಕೊಟ್ಟ ವೈದ್ಯರಿಗೆ ತಿಳಿಸಿ, ಬದಲಿ ಔಷಧ ಪಡೆಯಬೇಕು. ನಮ್ಮ ಪದ್ಧತಿಯ ಔಷಧಗಳಿಗೂ ಈ ಮಾತು ಅನ್ವಯಿಸುತ್ತದೆ. ಪಾದರಸ, ಸೀಸ ಸೇರಿದ ರಸೌಷಧಗಳನ್ನು ಮಗು ಬಯಸುವವರು ಸೇವಿಸಬಾರದು. ಗಿಡಮೂಲಿಕೆಯೆಲ್ಲವೂ ನಿರಪಾಯವೆಂಬ ನಂಬಿಕೆ ಸರಿಯಲ್ಲವೆಂದು ಆಯುರ್ವೇದ ವೈದ್ಯರಾದ ನಾವೇ ಹೇಳಬೇಕಾಗಿದೆ.

ಕೊನೆಗೊಂದು ನೋವಿನ ವಿಷಯ. ಗಂಡುಮಗು ಹುಟ್ಟುವ ಔಷಧವಿದೆಯೇ ಎಂದು ಇಂದಿಗೂ ಕೇಳುತ್ತಾರೆ. ಪುಂಸವನದ ಹೆಸರಿನಲ್ಲಿ ಮಾರುವವರೂ ಇದ್ದಾರೆ. ಮಗು ಗಂಡೋ ಹೆಣ್ಣೋ ಎಂಬುದು ಗರ್ಭ ನಿಂತ ಕ್ಷಣದಲ್ಲಿಯೇ ತಂದೆಯ ವೀರ್ಯಾಣುವಿನಿಂದ ನಿರ್ಧಾರವಾಗಿರುತ್ತದೆ; ಯಾವ ಪುಡಿಯೂ ಅದನ್ನು ಬದಲಿಸದು. ಹರಿಯಾಣದಲ್ಲಿ ಇಂಥ ಔಷಧ ಸೇವಿಸಿದ ತಾಯಂದಿರ ಮಕ್ಕಳಲ್ಲಿ ಹುಟ್ಟುದೋಷಗಳು ಹೆಚ್ಚಾಗಿ ಕಂಡುಬಂದಿವೆ. ಲಿಂಗ ಆಯ್ಕೆಯು 1994ರ ಕಾಯಿದೆಯಡಿ ಅಪರಾಧ. ಹೆಣ್ಣುಗಂಡೆಂಬ ಭೇದವನ್ನು ಅಳಿಸಿದ ಶರಣರ ಮಾರ್ಗದಲ್ಲಿ ನಡೆಯುವವರು ಈ ಪ್ರಶ್ನೆಯನ್ನೇ ಕೇಳಬಾರದು.

ಹಿರಿಯರಲ್ಲಿ ಒಂದು ಬಿನ್ನಹ

ಸಿದ್ಧತೆಯೆಲ್ಲ ಸರಿಯಾಗಿದ್ದರೂ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯುವುದು ಸಹಜ. ಹೆಂಡತಿಗೆ 35 ವರ್ಷದೊಳಗಿದ್ದರೆ ಒಂದು ವರ್ಷ, 35 ದಾಟಿದ್ದರೆ ಆರು ತಿಂಗಳು ಪ್ರಯತ್ನಿಸಿ, ಫಲಿಸದಿದ್ದರೆ ಇಬ್ಬರೂ ತಜ್ಞರನ್ನು ಕಾಣಬೇಕು. ಮುಟ್ಟು ಕ್ರಮವಾಗಿಲ್ಲದವರು ಅಷ್ಟೂ ಕಾಯಬೇಕಾಗಿಲ್ಲ. ಈ ಅವಧಿಯಲ್ಲಿ ಹಿರಿಯರು "ವಿಶೇಷ ಏನು?" ಎಂದು ಕೇಳುವ ಬದಲು, ಸೊಸೆಯ ಮುಂದೆ ಒಂದು ಲೋಟ ಹಾಲಿಟ್ಟು, ಮಗನನ್ನು ರಕ್ತಪರೀಕ್ಷೆಗೆ ಕಳುಹಿಸಿದರೆ ಅದೇ ದೊಡ್ಡ ಉಪಕಾರ.

ಆ ಲೇತ್ ಆಪರೇಟರ್ ಮತ್ತು ಆತನ ಪತ್ನಿ ಎಂಟು ತಿಂಗಳ ಬಳಿಕ ಮತ್ತೆ ಬಂದರು. ಈ ಬಾರಿ ಸಿಹಿ ತಂದಿರಲಿಲ್ಲ. "ಇನ್ನೂ ಏನೂ ಆಗಿಲ್ಲ ಡಾಕ್ಟ್ರೇ, ಮೊದಲೇ ಕೇಳೋಣ ಅಂತ ಬಂದ್ವಿ" ಎಂದರು. ತಜ್ಞರ ಸಲಹೆಯಂತೆ ಆಕೆಗೆ ಹೆಚ್ಚಿನ ಪ್ರಮಾಣದ ಫೋಲಿಕ್ ಆಮ್ಲ ಆರಂಭವಾಯಿತು, ಹಿಮೋಗ್ಲೋಬಿನ್ 9ರಿಂದ 12ಕ್ಕೆ ಏರಿತು. ಆತ ಗುಟ್ಕಾ ಬಿಟ್ಟ, ಮೂರು ತಿಂಗಳು ಹಗಲುಪಾಳಿ ಕೇಳಿ ಪಡೆದ. ಅವರ ಮಗಳು ಈಗ ಶಾಲೆಗೆ ಹೋಗುತ್ತಾಳೆ.

ಮಗುವನ್ನು ಬಯಸುವ ದಂಪತಿಗಳು ಮನೆಯಲ್ಲಿದ್ದರೆ ಈ ಲೇಖನವನ್ನು ಅವರಿಬ್ಬರ ಕೈಗೂ ಕೊಡಿ.